ಸಿಂಪಿ ಕಚ್ಚಿದ ಕಲ್ಲು

"ಗುರುಗಳೇ, ಹಿರಿಯರು ಕೊಟ್ಟುಹೋದದ್ದನ್ನು ಅವರು ಕೊಟ್ಟಂತೆಯೇ ಶುದ್ಧವಾಗಿ ಉಳಿಸಬೇಕೆನ್ನುವುದು ತಪ್ಪೇ?" ಎಂದು ಶಿಷ್ಯನು ಕೇಳಿದನು. ಮಠದ ಹಾಡುಗಳಿಗೆ ಊರವರು ತಲೆಮಾರುಗಳಿಂದ ತಮ್ಮ ನುಡಿಗಳನ್ನೂ ಧಾಟಿಗಳನ್ನೂ ಸೇರಿಸುತ್ತ ಬಂದಿದ್ದರು. ಅವನ್ನೆಲ್ಲ ಕಿತ್ತುಹಾಕಿ ಮೂಲವನ್ನಷ್ಟೇ ಉಳಿಸಲು ಅವನು ಗುರುಗಳ ಅಪ್ಪಣೆಗೆ ಕಾದಿದ್ದನು.

ಗುರುಗಳು ಹೇಳಿದರು:

ಚೀನಾ ದೇಶದಲ್ಲಿ, ಹೊಳೆಯೊಂದು ಕಡಲನ್ನು ಸೇರುವಲ್ಲಿ, ಹಡಗುಗಳು ಬಂದು ತಂಗುವ ಕಲ್ಲಿನ ಧಕ್ಕೆ ಇತ್ತು. ಪಿಂಗಾಣಿಯೂ ರೇಷ್ಮೆಯೂ ಅಲ್ಲಿಂದಲೇ ಹೊರನಾಡುಗಳಿಗೆ ಹೋಗುತ್ತಿದ್ದವು. ಊರಿನ ಅನ್ನವೆಲ್ಲ ಆ ಧಕ್ಕೆಯ ಮೇಲೆ ನಿಂತಿತ್ತು. ಅದನ್ನು ನೋಡಿಕೊಳ್ಳುವ ಹೊಣೆ ಒಂದೇ ಮನೆತನದ್ದು. ಆ ಮನೆತನದಲ್ಲಿ ಒಬ್ಬನಿದ್ದನು; ಹಿರಿಯರು ಕಟ್ಟಿದ್ದೆಂದು ಕೆರ ಮೆಟ್ಟಿ ಅದರ ಮೇಲೆ ಎಂದೂ ನಡೆದವನಲ್ಲ.

ಅವನಿಗೊಂದು ಕೊರಗಿತ್ತು. ಹಿರಿಯರು ನಯವಾಗಿ ಕಡೆದು ಕೂರಿಸಿದ ಕಲ್ಲುಗಳ ತುಂಬ ಸಿಂಪಿಗಳು ಒಂದರ ಮೇಲೊಂದು ಕಚ್ಚಿಕೊಂಡು ಬೆಳೆದಿದ್ದವು. ನೀರಿಳಿದಾಗ ಧಕ್ಕೆ ಕಜ್ಜಿ ಹಿಡಿದ ಮೈಯಂತೆ ಕಾಣುತ್ತಿತ್ತು. ನಾವಿಕರು ನೋಡಿ ಮೂಗು ಮುರಿದರೆ, ತನ್ನ ಅಜ್ಜನನ್ನೇ ಹಳಿದಂತೆ ಅವನು ಕುಗ್ಗಿಹೋಗುತ್ತಿದ್ದನು.

ಒಂದು ವರ್ಷ, ಹಡಗುಗಳು ಬರುವ ಕಾಲಕ್ಕೆ ಮುಂಚೆ, ಅವನು ಉಳಿ ಹಿಡಿದು ನೀರಿಗಿಳಿದನು. ಸಿಂಪಿಗಳನ್ನು ಬುಡಸಮೇತ ಕೆತ್ತಿ ತೆಗೆದು ಕಲ್ಲನ್ನು ಉಜ್ಜತೊಡಗಿದನು.

ಹೆಂಡತಿ ದಡದಲ್ಲಿ ನಿಂತು ನಕ್ಕಳು. "ನಮ್ಮ ಮದುವೆಯ ದಿನವೂ ನೀವು ಇಷ್ಟು ಮೈ ಉಜ್ಜಿಕೊಂಡಿರಲಿಲ್ಲ! ಅಲ್ಲಾ, ಧಕ್ಕೆಯ ಸಿಂಪಿ ಕೀಳಬಾರದು ಅಂತ ನಿಮ್ಮ ಹಿರಿಯರೇ ಕಟ್ಟಳೆ ಮಾಡಿದ್ದರಲ್ಲವೇ?"

"ಅದು ಕಿತ್ತು ತಿನ್ನುವ ಹೊಟ್ಟೆಬಾಕರಿಗೆ ಹೇಳಿದ್ದು ಕಣೇ. ನಾನೇನು ತಿನ್ನುವುದಕ್ಕೆ ಕೀಳುತ್ತಿದ್ದೇನೆಯೇ?"

ಧಕ್ಕೆ ಹೊಳೆಯಿತು. ಹಿರಿಯರ ಉಳಿಯ ಗೆರೆಗಳು ಒಂದೊಂದಾಗಿ ಕಾಣಿಸಿದವು. ಅವನು ಅವುಗಳ ಮೇಲೆ ಬೆರಳಾಡಿಸಿ ಕಣ್ಣೀರಿಟ್ಟನು.

ಹಡಗುಗಳಿಗಿಂತ ಮೊದಲು ಬಿರುಗಾಳಿ ಬಂದಿತು. ಅಂಥ ಗಾಳಿಯನ್ನು ಧಕ್ಕೆ ಎಷ್ಟೋ ಕಂಡಿತ್ತು. ಆದರೆ ಈ ಸಲ ಅಲೆಗಳು ಕಲ್ಲುಗಳ ಸಂದಿಗೆ ನುಗ್ಗಿದವು. ಒಂದು ಕಲ್ಲು ಅಲುಗಿತು, ಅದರ ಹಿಂದೆ ಇನ್ನೊಂದು. ಗಾಳಿ ಇಳಿಯುವಷ್ಟರಲ್ಲಿ ಧಕ್ಕೆಯಿದ್ದಲ್ಲಿ ಬರಿ ನೀರಿತ್ತು. ಉಪ್ಪುನೀರಿನಲ್ಲಿ ಗಾರೆ ನಿಲ್ಲದೆಂದು ಹಿರಿಯರು ಕಲ್ಲುಗಳನ್ನು ಗಾರೆಯಿಲ್ಲದೆಯೇ ಪೇರಿಸಿ, ಸಂದಿಗಳಲ್ಲಿ ಸಿಂಪಿಯನ್ನು ಬಿತ್ತಿದ್ದರು. ಕಲ್ಲಿಗೆ ಕಲ್ಲನ್ನು ಬೆಸೆದು ಹಿಡಿದಿದ್ದವು ಆ ಸಿಂಪಿಗಳೇ. ಹಡಗುಗಳು ಬಂದವು, ನಿಲ್ಲಲು ತಾವು ಕಾಣದೆ ಬೇರೆ ಬಂದರಿಗೆ ತಿರುಗಿದವು. ಮತ್ತೆ ಆ ಊರಿನತ್ತ ಬರಲಿಲ್ಲ.

ಶಿಷ್ಯನಿಗೆ ಸಿಟ್ಟು ಬಂದಿತ್ತು. "ಅವನು ನೋಟದ ಚಂದಕ್ಕೆ ಮರುಳಾದವನು, ಗುರುಗಳೇ. ಹಿರಿಯರಲ್ಲಿ ನಿಜವಾದ ಭಕ್ತಿಯಿದ್ದವನ ಕೈಯಲ್ಲಿ ಆ ಧಕ್ಕೆ ಇದ್ದಿದ್ದರೆ ಉಳಿಯುತ್ತಿತ್ತು."

ಗುರುಗಳು ಹೇಳಿದರು: "ಆ ಮನೆತನದಲ್ಲಿ ಅವನಷ್ಟು ದೊಡ್ಡ ಭಕ್ತನು ಅದುವರೆಗೆ ಹುಟ್ಟಿಯೇ ಇರಲಿಲ್ಲ, ಮಗು."