ಹನ್ನೆರಡು ಪದ ಬಲ್ಲ ಆನೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಗಣಕಯಂತ್ರಕ್ಕೆ ನೇರ ಆಜ್ಞೆ ಕೊಡುವ ಅಸೆಂಬ್ಲಿ ಭಾಷೆಯಲ್ಲಿ ಇರುವುದೇ ಬೆರಳೆಣಿಕೆಯ ಪದಗಳು. ಇಡು, ತೆಗೆ, ಕೂಡಿಸು, ಅಲ್ಲಿಗೆ ಹೋಗು. ಮೂರೇ ದಿನದಲ್ಲಿ ಬಾಯಿಪಾಠವಾಯಿತು. ರೋಗಿಯ ರಕ್ತನಾಳಕ್ಕೆ ಔಷಧಿ ಹನಿಸುವ ಯಂತ್ರಕ್ಕೆ ಆಜ್ಞೆಗಳನ್ನೂ ಬರೆದು ಮುಗಿಸಿದ್ದೇನೆ. ನಾಳೆ ಆಸ್ಪತ್ರೆಗೆ ಕೊಡಬೇಕು. ಇನ್ನು ಕಲಿಯುವುದೇನಿದೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಮರದ ವ್ಯಾಪಾರಿಯ ಬಳಿ ಒಂದು ಆನೆ ಇತ್ತು. ಅಂಥ ಆನೆಯನ್ನು ಭೂಮಿ ಮತ್ತೆ ಹೊತ್ತಿಲ್ಲ. ಅದು ನೀರಿಗಿಳಿದರೆ ಕೆರೆ ಕೋಡಿ ಬೀಳುತ್ತಿತ್ತು. ಇಪ್ಪತ್ತು ಆಳು ಹೊರುವ ದಿಮ್ಮಿ ಅದಕ್ಕೆ ಹಲ್ಲುಕಡ್ಡಿ. ಆದರೆ ಅದಕ್ಕೆ ತಿಳಿದಿದ್ದು ಹನ್ನೆರಡೇ ಪದ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿತ್ತು. ಮಾವುತ ಪದಪದಕ್ಕೂ ತಡೆದು ಯೋಚಿಸುವುದನ್ನು ಕಂಡು ವ್ಯಾಪಾರಿಗೆ ನಗು. ಹನ್ನೆರಡು ಪದವನ್ನು ನನ್ನ ಮನೆಯ ಗಿಳಿಯೂ ಹೇಳೀತು ಎಂದು ಆಡಿಕೊಳ್ಳುತ್ತಿದ್ದ.

ಒಂದು ದಿನ ವ್ಯಾಪಾರಿಯ ತಮ್ಮ ಹೂಳೆತ್ತಲು ಬಾವಿಗೆ ಇಳಿದಿದ್ದ. ಮಾವುತ ಊಟಕ್ಕೆ ಹೋಗಿದ್ದ. ಕೆಲಸ ಮುಗಿಯಿತು, ಮೇಲೆಳೆಯಿರಿ ಎಂದು ತಮ್ಮ ಒಳಗಿಂದ ಕೂಗಿದ. ಇದಕ್ಕೆ ಮಾವುತ ಯಾಕೆ ಬೇಕು ಎಂದುಕೊಂಡ ವ್ಯಾಪಾರಿ, ತಮ್ಮನ ಸೊಂಟಕ್ಕೆ ಕಟ್ಟಿದ್ದ ರಾಟೆಯ ಹಗ್ಗದ ಇನ್ನೊಂದು ತುದಿಯನ್ನು ತಾನೇ ಆನೆಯ ಸೊಂಡಿಲಿಗೆ ಕೊಟ್ಟು 'ಹಿಡಿ' ಎಂದ. ಹಿಡಿಯಿತು. 'ನಡೆ' ಎಂದ. ನಡೆಯಿತು. ತಮ್ಮನ ತಲೆ ಬಾವಿಕಟ್ಟೆಯ ಮಟ್ಟಕ್ಕೆ ಬಂತು. ಮೈಯೆಲ್ಲ ಕೆಸರು, ಅಣ್ಣನನ್ನು ನೋಡಿ ನಕ್ಕ. ಇನ್ನೆರಡು ಹೆಜ್ಜೆ ಸಾಕಿತ್ತು. ಆಗ ಆನೆಯ ಕಾಲಿಗೆ ದಿಮ್ಮಿಯೊಂದು ಅಡ್ಡ ಬಂತು.

ವ್ಯಾಪಾರಿ 'ಎತ್ತು' ಎಂದ.

ಆನೆ ದಿಮ್ಮಿಯನ್ನು ಎತ್ತಿತು.

ಹಗ್ಗ ರಾಟೆಯಲ್ಲಿ ಸರ್ರನೆ ಓಡಿತು. ಬಾವಿಯೊಳಗಿಂದ ಒಂದೇ ಒಂದು ಸದ್ದು ಬಂತು, ಮತ್ತೆ ಬರಲಿಲ್ಲ. ಆನೆ ದಿಮ್ಮಿ ಹಿಡಿದು, ಕಿವಿ ಬೀಸುತ್ತ, ಮುಂದಿನ ಪದಕ್ಕೆ ಕಾಯುತ್ತಿತ್ತು.

ಮಾವುತ ಓಡಿ ಬಂದ. ವ್ಯಾಪಾರಿ ಅವನ ಅಂಗಿ ಹಿಡಿದುಕೊಂಡ. "ನಾನು ಬಿಡು ಅನ್ನಲಿಲ್ಲ ಕಣೋ. ಒಂದು ಸಲವೂ ಬಿಡು ಅನ್ನಲಿಲ್ಲ."

"ಎತ್ತು ಅಂದಿರಲ್ಲ ಧಣಿ," ಎಂದ ಮಾವುತ. "ಅದಕ್ಕಿರೋದು ಒಂದೇ ಸೊಂಡಿಲು. ಮೊದಲು ಹಗ್ಗಾನ ಮರಕ್ಕೆ ಕಟ್ಟಬೇಕಿತ್ತು."

ಗುರುಗಳು ಕತೆ ನಿಲ್ಲಿಸಿದರು. ಯಂತ್ರದ ರೆಜಿಸ್ಟರಿನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಸಂಖ್ಯೆ ಹಿಡಿಯುವ ಗೂಡಿನಲ್ಲಿ, ಹೊಸದನ್ನು ಇಟ್ಟರೆ ಅಲ್ಲಿದ್ದ ಹಳೆಯದು ಅಳಿದುಹೋಗುತ್ತದೆ ಎಂಬುದು ತನಗೂ ಗೊತ್ತಿದೆ ಎಂದು ಶಿಷ್ಯ ಮೆಲ್ಲಗೆ ಹೇಳಿದ.

"ಹಾಗಾದರೆ ಹೇಳು," ಎಂದರು ಗುರುಗಳು, "ನೀನು ಕೊನೆಯ 'ಇಡು' ಬರೆದಾಗ ಅಲ್ಲಿ ಮೊದಲೇ ಏನಿತ್ತು?"

ಶಿಷ್ಯ ತಾನು ಬರೆದ ಆಜ್ಞೆಗಳನ್ನು ಹೊರತೆಗೆದು, ಮೊದಲ ಸಾಲಿನಿಂದ ಮತ್ತೆ ಓದತೊಡಗಿದ.