ಸೌಟು ಕಿತ್ತುಕೊಂಡವಳಿಗೆ ಅರಮನೆಯ ಒಲೆ

ತುಂಬೆಹಳ್ಳ ಅಂತ ಒಂದು ರಾಜ್ಯ ಇತ್ತು. ಎಷ್ಟು ದೊಡ್ಡದು ಅಂತೀರಾ? ಅಲ್ಲಿನ ರಾಜ ಸೀನಿದರೆ ಪಕ್ಕದ ರಾಜ್ಯದವರು "ನೂರು ವರ್ಷ ಆಯಸ್ಸು" ಅನ್ನುತ್ತಿದ್ದರು. ಅಷ್ಟು ದೊಡ್ಡದು!

ರಾಜನ ಹೆಸರು ಮಾತ್ರ ಗಜಸಿಂಹ ನಾಯಕ. ಆನೆಯೂ ಇಲ್ಲ, ಸಿಂಹವೂ ಇಲ್ಲ. ಎರಡು ಎಮ್ಮೆ ಇದ್ದವು, ಅದರಲ್ಲಿ ಒಂದು ಒದೆಯುತ್ತಿತ್ತು. ಆದರೆ ಮೀಸೆ ಇತ್ತು ನೋಡಿ, ಎರಡು ಕಡೆಗೂ ನಿಂಬೆಹಣ್ಣು ನಿಲ್ಲುವಂಥ ಮೀಸೆ.

ಈ ಪುಣ್ಯಾತ್ಮ ಪಕ್ಕದ ದೊಡ್ಡಸೀಮೆಯ ದೊರೆಯ ಮನೆ ಮದುವೆಗೆ ಹೋದ. ಮೂರು ಸಲ ಬಡಿಸಿಕೊಂಡು ಉಂಡ. ಕೈ ತೊಳೆದು, "ಇದೂ ಒಂದು ಊಟವೇ? ಹುಣ್ಣಿಮೆಗೆ ನಮ್ಮಲ್ಲಿಗೆ ಬನ್ನಿ. ಇದಕ್ಕಿಂತ ಚೆನ್ನಾಗಿಲ್ಲ ಅಂದರೆ ಈ ಮೀಸೆ ಬೋಳಿಸುತ್ತೇನೆ" ಅಂದುಬಿಟ್ಟ.

ಅಂದು ಮನೆಗೆ ಬಂದು ನೋಡುತ್ತಾನೆ, ಅಡುಗೆಯವನೇ ಇಲ್ಲ! ದೊಡ್ಡಸೀಮೆಯವರು ಎರಡರಷ್ಟು ಸಂಬಳ ಕೊಡುತ್ತೇವೆ ಅಂದರಂತೆ, ಹೋಗಿಬಿಟ್ಟಿದ್ದಾನೆ. ರಾಜ ಮೂರು ಸಲ ಬಡಿಸಿಕೊಂಡಿದ್ದು ತನ್ನದೇ ಅಡುಗೆಯವನ ಕೈಯಡುಗೆಯನ್ನು!

ಮಂತ್ರಿ ಊರೂರಿಗೂ ಡಂಗುರ ಹೊಡೆಸಿದ. ಹದಿನೇಳು ಜನ ಬಂದರು. ಒಬ್ಬೊಬ್ಬನ ಕಂಕುಳಲ್ಲೂ ಒಂದೊಂದು ಕಟ್ಟು ಓಲೆಗರಿ. ಆ ದೊರೆಗೆ ಅಡುಗೆ ಮಾಡಿದೆ, ಈ ದೊರೆಯಿಂದ ಶಾಲು ಹೊದೆಸಿಕೊಂಡೆ ಅಂತ ಬರೆಸಿಕೊಂಡದ್ದು. ನಾಲ್ಕು ದಿನ ಅರಮನೆಯಲ್ಲೇ ಉಂಡರು, ಕಣಜದ ಅಕ್ಕಿ ಖಾಲಿ ಮಾಡಿದರು, ಸಂಬಳ ಎಷ್ಟು ಅಂತ ಕೇಳಿ ನಕ್ಕರು.

ರಾಜ ತನ್ನ ಆಸ್ಥಾನದ ಮುದ್ದೀರನನ್ನು ಕರೆಸಿದ. ಈ ಮುದ್ದೀರ ಒಂಬತ್ತು ವರ್ಷದ ಹಿಂದೆ ಅರಮನೆಗೆ ಚಾಪೆ ಮಾರಲು ಬಂದವನು, ಹೋಗಿಯೇ ಇರಲಿಲ್ಲ.

"ಹುಣ್ಣಿಮೆಗೆ ಎಂಟು ದಿನ ಇದೆ. ಒಳ್ಳೇ ಅಡುಗೆಯವರನ್ನು ಹಿಡಿದು ತಾ. ಸಂಬಳ ಜಾಸ್ತಿ ಕೊಡಕ್ಕಾಗಲ್ಲ. ನನ್ನ ಮೀಸೆ ಹೋದರೆ ನಿನ್ನ ತಲೆ ಹೋಗುತ್ತೆ!"

"ಮೀಸೆಯಾದರೆ ಮತ್ತೆ ಬೆಳೆಯುತ್ತೆ, ಮಹಾಪ್ರಭು."

"ಅದಕ್ಕೇ ಹೇಳಿದ್ದು, ಹುಷಾರು!"

ಮುದ್ದೀರ ತಲೆ ಮುಟ್ಟಿ ನೋಡಿಕೊಂಡ. "ಹಾಗಾದರೆ ಎರಡು ಸೇರು ತೊಗರಿಬೇಳೆ, ಬೆಲ್ಲ, ಒಂದು ಕಾವಲಿ ಕೊಡಿಸಿ."

ಮಾರನೆ ದಿನ ಸಂತೆ. ಮುದ್ದೀರ ಸಂತೆಯ ನಟ್ಟನಡುವೆ ಒಲೆ ಹೂಡಿ ಒಬ್ಬಟ್ಟು ಮಾಡಲು ಕೂತ. ಅಯ್ಯಯ್ಯೋ, ಆ ಒಬ್ಬಟ್ಟು! ಬೇಳೆಯ ಕಟ್ಟು ಬಸಿದಿಲ್ಲ, ಹೂರಣ ಅಂಬಲಿಯ ಹಾಗೆ ಹರಿಯುತ್ತಿದೆ. ಕಣಕಕ್ಕೆ ಎಣ್ಣೆ ಇಲ್ಲ, ನೆನೆಸಿಲ್ಲ, ಚಪ್ಪಲಿ ಹೊಲಿಯಬಹುದು. ಕಾವಲಿಯಿಂದ ಹೊಗೆ ಏಳುತ್ತಿದೆ.

ಊರಿಗೆ ಹೊರಟಿದ್ದ ಓಲೆಗರಿಯವರು ಅತ್ತ ಬಂದರು. "ಆಹಾ, ಏನು ಘಮ! ಆಸ್ಥಾನದ ಕೈ ಅಂದರೆ ಇದು" ಅಂತ ಹೊಗಳಿ ಮುಂದೆ ಹೋದರು. ಮುದ್ದೀರ ಅವರ ಮುಖ ಕೂಡ ನೋಡಲಿಲ್ಲ.

ಪಕ್ಕದಲ್ಲಿ ದ್ಯಾವೀರಮ್ಮ ಅಂತ ಒಬ್ಬಳು ಬದನೆಕಾಯಿ ಮಾರುತ್ತಿದ್ದಳು. ಮೊದಲನೇ ಒಬ್ಬಟ್ಟಿಗೆ ಮುಖ ಸಿಂಡರಿಸಿದಳು. ಎರಡನೆಯದಕ್ಕೆ ಹಣೆ ಚಚ್ಚಿಕೊಂಡಳು. ಮೂರನೆಯದು ಕಾವಲಿ ಮೇಲೆ ಹರಿದು ಹೂರಣ ಸುಟ್ಟಾಗ, ತಕ್ಕಡಿ ಬಿಸಾಕಿ ಎದ್ದೇ ಬಂದಳು.

"ಏಳೋ ಮೇಲೆ! ನಿನ್ನ ಕೈಗಿಷ್ಟು ಬೆಂಕಿ ಹಾಕ! ಬೇಳೆ ಏನು ಪಾಪ ಮಾಡಿತ್ತೋ? ಕಟ್ಟು ಬಸೀಬೇಕು ಅಂತ ನಿಮ್ಮವ್ವ ಹೇಳಿಕೊಡಲಿಲ್ವಾ?"

"ನಾನು ಮಾಡೋದು ಹಿಂಗೇ ಕಣಕ್ಕ. ನಿನಗೇನು ಕಷ್ಟ? ನೀನು ಬದನೆಕಾಯಿ ಮಾರು."

"ಕಣ್ಣಿದೆಯಲ್ಲಪ್ಪ, ಅದೇ ಕಷ್ಟ! ಕೊಡು ಇಲ್ಲಿ!"

ಸೌಟು ಕಿತ್ತುಕೊಂಡು ಅವನನ್ನು ಆಚೆ ತಳ್ಳಿದಳು. ಅಷ್ಟರಲ್ಲಿ ಸೌದೆ ಮಾರುವ ಕರಿಬಸಪ್ಪ ಬಂದು, "ಆ ಒಲೆಯ ಕಲ್ಲು ಯಾವ ಮಂಕ ಇಟ್ಟನಮ್ಮ? ಗಾಳಿ ಎಲ್ಲಿಂದ ಬರಬೇಕು?" ಅಂತ ಬೈಯುತ್ತಾ ಕಲ್ಲು ತಿರುಗಿಸಿ ಕೂತೇಬಿಟ್ಟ. ಇನ್ನೊಂದು ಗಳಿಗೆಯಲ್ಲಿ ಅರ್ಧ ಸಂತೆ ಅಲ್ಲೇ ನಿಂತು ಒಬ್ಬಟ್ಟು ತಿನ್ನುತ್ತಿತ್ತು. ಬದನೆಕಾಯಿ ದನ ತಿಂದುಕೊಂಡು ಹೋಯಿತು, ದ್ಯಾವೀರಮ್ಮ ತಿರುಗಿಯೂ ನೋಡಲಿಲ್ಲ.

ಮುದ್ದೀರ ಮೆಲ್ಲಗೆ ಕೇಳಿದ, "ಅಕ್ಕಾ, ಅರಮನೆಗೆ ಬರ್ತೀಯಾ? ದೊಡ್ಡಸೀಮೆಯಷ್ಟು ಸಂಬಳ ಕೊಡಕ್ಕಾಗಲ್ಲ. ಆದರೆ ಅಲ್ಲಿ ಉಪ್ಪು ಹಾಕಬೇಕು ಅಂದರೆ ಏಳು ಜನ ಮೇಲ್ವಿಚಾರಕರು ಹೂಂ ಅನ್ನಬೇಕು. ನಮ್ಮಲ್ಲಿ ಒಲೆಮನೆಗೆ ನೀನೇ ರಾಣಿ. ಸಂತೆ ದಿನ ರಜ."

"ರಾಜ ಬಂದು ಇಣುಕಿದರೆ?"

"ಸೌಟು ನಿನ್ನ ಕೈಯಲ್ಲೇ ಇರುತ್ತಲ್ಲ."

ಕರಿಬಸಪ್ಪನನ್ನೂ ಕರೆದುಕೊಂಡು ಬಂದಳು.

ಹುಣ್ಣಿಮೆ ಬಂತು, ದೊಡ್ಡಸೀಮೆಯ ದೊರೆ ನೂರು ಜನರ ಜೊತೆ ಬಂದ. ನಮ್ಮ ಗಜಸಿಂಹನಿಗೆ ತಡೆಯಲಾಗಲಿಲ್ಲ, ಒಂದು ಬಿಸಿ ಒಬ್ಬಟ್ಟಿಗೆ ಕೈ ಹಾಕಲು ಹೋಗಿ ಬೆರಳಿನ ಗೆಣ್ಣಿಗೆ ಸೌಟಿನ ಏಟು ತಿಂದು ಬಂದ. ಯಾರಿಗೂ ಹೇಳಲಿಲ್ಲ.

ದೊಡ್ಡಸೀಮೆಯ ದೊರೆ ಹನ್ನೊಂದು ಒಬ್ಬಟ್ಟು ತಿಂದ. ಸೊಂಟದ ಪಟ್ಟಿ ಸಡಿಲ ಮಾಡಿ ಮತ್ತೆರಡು ತಿಂದ. ಆಮೇಲೆ ಅಡುಗೆಯವಳನ್ನು ಕರೆಸಿ, "ನಮ್ಮಲ್ಲಿಗೆ ಬಾ ತಾಯಿ, ಮೂರರಷ್ಟು ಸಂಬಳ" ಅಂದ.

ಗಜಸಿಂಹನ ಮೀಸೆ ಅಲ್ಲೇ ಜೋತುಬಿತ್ತು.

"ನಿಮ್ಮಲ್ಲಿ ಏಳು ಜನ ಮೇಲ್ವಿಚಾರಕರು ಇದ್ದಾರಂತೆ, ಬುದ್ಧಿ" ಅಂದಳು ದ್ಯಾವೀರಮ್ಮ. "ಅಷ್ಟೊಂದು ಸೌಟು ನನ್ನ ಹತ್ರ ಇಲ್ಲ."

ನೆಂಟರು ಹೊರಟ ಮೇಲೆ ರಾಜ ಮೀಸೆ ತಿರುವುತ್ತಾ ಕೇಳಿದ, "ಅಲ್ಲಯ್ಯ ಮುದ್ದೀರ, ಹದಿನೇಳು ಜನರಲ್ಲಿ ಸಿಗದ್ದು ಸಂತೆಯಲ್ಲಿ ಹೇಗೆ ಸಿಕ್ಕಿತು?"

"ಕೆಲಸವನ್ನು ಎಲ್ಲರೆದುರು ಕೆಟ್ಟದಾಗಿ ಮಾಡುತ್ತಾ ಕೂತೆ, ಮಹಾಪ್ರಭು. ಗೊತ್ತಿಲ್ಲದವರು ಹೊಗಳಿ ಹೋಗುತ್ತಾರೆ. ಗೊತ್ತಿರುವವರಿಗೆ ನೋಡಿಕೊಂಡು ಇರೋಕಾಗಲ್ಲ, ಕಿತ್ತುಕೊಂಡು ತಾವೇ ಮಾಡುತ್ತಾರೆ."

"ಭಲೇ! ಈ ಉಪಾಯ ಯಾರ ಹತ್ತಿರ ಕಲಿತೆ?"

"ತಮ್ಮ ಹತ್ತಿರಾನೇ."

"ನನ್ನ ಹತ್ತಿರವೇ?"

"ಒಂಬತ್ತು ವರ್ಷದ ಹಿಂದೆ ನಾನು ಚಾಪೆ ಮಾರೋಕೆ ಬಂದಾಗ ತಾವು ಸಿಂಹಾಸನದ ಮೇಲೆ ಕೂತು ನ್ಯಾಯ ಹೇಳ್ತಾ ಇದ್ದಿರಿ. ನೋಡಿಕೊಂಡು ಇರೋಕಾಗಲಿಲ್ಲ. ಚಾಪೆಗಳು ಇನ್ನೂ ಬಾಗಿಲ ಹತ್ರಾನೇ ಇವೆ."

ರಾಜ ಬಿದ್ದು ಬಿದ್ದು ನಕ್ಕ. ಆ ಚಾಪೆಗಳನ್ನೆಲ್ಲ ಅಲ್ಲೇ ಕೊಂಡುಕೊಂಡ. ಅವತ್ತಿನಿಂದ ನ್ಯಾಯ ಹೇಳಲು ಕೂತಾಗ ಒಂದು ಮಾತಾಡುವುದು, ಮುದ್ದೀರನ ಮುಖ ನೋಡುವುದು. ಅವನ ಮುಖ ಸಿಂಡರಿಸಿದ್ದು ಕಂಡರೆ, "ತಗೋ ಮಾರಾಯ, ಸೌಟು ನೀನೇ ಹಿಡಿ" ಅನ್ನುವುದು.