ಕೆರೆಯ ದಂಡೆಯಲ್ಲಿ ಕೆಟ್ಟುಹೋದ ಮಾತು

ಒಂದು ಕಾಡಿನಲ್ಲಿ ನಾಚಿಕೆಗೆಂದೇ ಒಂದು ಮಾತಿತ್ತು. ಅದನ್ನು ಮೊದಲು ಆಡಿದ್ದು ಚಿಪ್ಪುಹಂದಿ. ಒಂದು ಸಂಜೆ ಅದು ಕೆರೆಯ ದಂಡೆಯಲ್ಲಿ ಎಲ್ಲರೆದುರು ಜಾರಿ ಕೆಸರಿಗೆ ಬಿತ್ತು. ಬಿದ್ದದ್ದೇ ಚೆಂಡಿನಂತೆ ಸುರುಳಿ ಸುತ್ತಿಕೊಂಡು ಒಳಗಿನಿಂದ, "ನನಗೆ ಮುದುಡಿತು" ಎಂದಿತು. ಅದರ ಗೆಳತಿ ಮುಳ್ಳುಹಂದಿ ತಕ್ಷಣ ಬೆನ್ನು ತಿರುಗಿಸಿ ನಿಂತಿತು. ಅದನ್ನು ನೋಡಿ ಉಳಿದವರೂ ತಿರುಗಿದರು. ಚಿಪ್ಪುಹಂದಿ ಮೆಲ್ಲಗೆ ಬಿಚ್ಚಿಕೊಂಡು ಮೈ ತೊಳೆದುಕೊಂಡಿತು. ಮತ್ತೆ ಆ ವಿಷಯವನ್ನು ಯಾರೂ ಎತ್ತಲಿಲ್ಲ.

ಅಂದಿನಿಂದ ಅದು ಆ ಕೆರೆಯ ಪದ್ಧತಿಯಾಯಿತು. ಎಡವಟ್ಟು ಮಾಡಿಕೊಂಡವರು "ಮುದುಡಿತು" ಎನ್ನುತ್ತಿದ್ದರು. ಉಳಿದವರು ಬೆನ್ನು ತಿರುಗಿಸುತ್ತಿದ್ದರು.

ಇದರಿಂದ ಹೆಚ್ಚು ಉಪಕಾರವಾದದ್ದು ಕಾಡುಕುರಿಗೆ. ಕಾಡುಕುರಿ ಎಂದರೆ ನಾಯಿಯಂತೆ ಬೊಗಳುವ ಪುಟ್ಟ ಜಿಂಕೆ. ಎಲ್ಲರೂ ನೀರು ಕುಡಿಯುವಾಗ ಚಿರತೆ ಬರುತ್ತದೆಯೇ ಎಂದು ಕಾಯುವುದು ಅದರ ಕೆಲಸ. ಅನುಮಾನ ಬಂದರೆ ಸಾಕು, ಬೊಗಳುತ್ತಿತ್ತು. ಎಷ್ಟೋ ಸಲ ಅದು ಚಿರತೆಯಾಗಿರದೆ ಮೋಟುಮರವಾಗಿರುತ್ತಿತ್ತು. ಆಗ ಕಾಡುಕುರಿ "ಮುದುಡಿತು" ಎನ್ನುತ್ತಿತ್ತು. ಎಲ್ಲರೂ ಬೆನ್ನು ತಿರುಗಿಸಿ, ಮತ್ತೆ ನೀರಿಗೆ ಬಾಯಿ ಹಾಕುತ್ತಿದ್ದರು. ತಪ್ಪಾದೀತು ಎಂಬ ಹೆದರಿಕೆ ಇಲ್ಲದ್ದರಿಂದಲೇ ಅದು ಒಮ್ಮೆಯೂ ತಡ ಮಾಡಿರಲಿಲ್ಲ.

ಒಂದು ಬೇಸಿಗೆಯಲ್ಲಿ ಚಿಪ್ಪುಹಂದಿ ತೀರಿಕೊಂಡಿತು. ಅದರ ಮಾತು ಮಾತ್ರ ಕೆರೆಯ ಬಳಿ ಉಳಿಯಿತು. ಯಾರಾದರೂ "ಮುದುಡಿತು" ಎಂದಾಗಲೆಲ್ಲ ಮುಳ್ಳುಹಂದಿ ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬೆನ್ನು ತಿರುಗಿಸಿ ನಿಲ್ಲುತ್ತಿತ್ತು.

ಹೀಗಿರುವಾಗ ಒಂದು ಸಂಜೆ ನರಿ ಬಹಳ ಹೊತ್ತು ಹೊಂಚು ಹಾಕಿ ಒಂದು ದಪ್ಪ ಏಡಿ ಹಿಡಿದಿತ್ತು. ಅಷ್ಟರಲ್ಲಿ ಕಾಡುಕುರಿ ಬೊಗಳಿತು. ನರಿ ಬೆಚ್ಚಿಬಿದ್ದು ಬಾಯಿ ತೆರೆಯಿತು. ಏಡಿ ನೀರಿಗೆ ಬಿದ್ದು ಮಾಯವಾಯಿತು. ನೋಡಿದರೆ, ಮತ್ತೆ ಮೋಟುಮರ.

"ಮುದುಡಿತು" ಎಂದು ಕಾಡುಕುರಿ ತಲೆ ತಗ್ಗಿಸಿತು.

ಎಲ್ಲರೂ ತಿರುಗಿದರು. ನರಿ ತಿರುಗಲಿಲ್ಲ. ಕಾಡುಕುರಿಯನ್ನೇ ದಿಟ್ಟಿಸಿ ನೋಡುತ್ತಾ, "ನಿನಗೆಲ್ಲಿ ಮುದುಡಿತು ಮಾರಾಯ್ತಿ? ನಿನ್ನನ್ನು ನೋಡಿ ನಮಗೆ ಮುದುಡುತ್ತಿದೆ!" ಎಂದಿತು.

ಮೇಲಿದ್ದ ಗಿಳಿಗಳು ಕಿಸಕ್ಕನೆ ನಕ್ಕವು. ಗಿಳಿಗಳಿಗೆ ಹೊಸದೊಂದು ಸಿಕ್ಕರೆ ಕೇಳಬೇಕೆ? ಬೆಳಗಾಗುವಷ್ಟರಲ್ಲಿ ಅದು ಮರದಿಂದ ಮರಕ್ಕೆ ಹಾರಿತ್ತು. ಹಾರುವಾಗ ಸವೆದು ಬರೀ "ಮುದುಡ" ಆಗಿತ್ತು. ನವಿಲು ಗರಿ ಬಿಚ್ಚಿದರೆ, "ಮುದುಡ!" ಕರಡಿ ಬೆರಳು ನೆಕ್ಕಿದರೆ, "ಮುದುಡ!" ಏನೂ ಮಾಡದೆ ಕೂತಿದ್ದ ಆಮೆಗೂ, "ಮುದುಡ!"

ಮುಳ್ಳುಹಂದಿಗೆ ತಡೆಯಲಾಗಲಿಲ್ಲ. "ಎಷ್ಟು ಸಲ ಹೇಳಲಿ ನಿಮಗೆ? ಅದು ಬಿದ್ದವರು ಆಡುವ ಮಾತು ಕಣ್ರೋ. ನಿಂತು ನೋಡುವವರು ಆಡುವುದಲ್ಲ!" ಎಂದು ಮರದ ಕೆಳಗೆ ನಿಂತು ಕೂಗಿತು.

"ಈಗ ಎಲ್ಲರೂ ಹೀಗೇ ಹೇಳುವುದು ಅಜ್ಜೀ" ಎಂದಿತು ಒಂದು ಗಿಳಿ.

"ಎಲ್ಲರೂ ಅಂದರೆ ಯಾರು?"

"ನಾವೇ!"

"ಅದರ ಅರ್ಥವಾದರೂ ಗೊತ್ತೇನ್ರೋ?"

"ಗೊತ್ತು. ಅಜ್ಜಿ ಅಂತ ಅರ್ಥ!" ಎಂದು ಗಿಳಿಗಳು ಕೊಂಬೆ ಅಲುಗುವಂತೆ ನಕ್ಕವು. ಮುಳ್ಳುಹಂದಿ ಮುಳ್ಳುಗಳನ್ನು ಜಾಡಿಸಿಕೊಂಡು, ನಿಟ್ಟುಸಿರು ಬಿಟ್ಟು ಹೊರಟುಹೋಯಿತು.

ನವಿಲು ಪೊದೆಯ ಹಿಂದೆ ಕುಣಿಯತೊಡಗಿತು. ಕರಡಿ ಹಸಿವಿಲ್ಲ ಎಂದಿತು. "ನನಗೆ ಮುದುಡಿತು" ಎನ್ನುವವರು ಯಾರೂ ಉಳಿಯಲಿಲ್ಲ. ಬೈಗುಳವಾದ ಹೆಸರನ್ನು ತಮಗೆ ತಾವೇ ಯಾರು ಇಟ್ಟುಕೊಂಡಾರು?

ಇನ್ನೊಂದು ಸಂಜೆ ಕಾಡುಕುರಿ ತನ್ನ ಮರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಾಯುತ್ತಿತ್ತು. ಎದುರಿನ ಹುಲ್ಲಿನಲ್ಲಿ ಏನೋ ಅಲುಗಿತು. ಚಿರತೆಯ ಕಿವಿಯೋ, ಒಣ ಎಲೆಯೋ ತಿಳಿಯಲಿಲ್ಲ. ಬೊಗಳಲು ಬಾಯಿ ತೆರೆಯಿತು. ನರಿ ಹುಲ್ಲಿಗೆ ಬೆನ್ನು ಹಾಕಿ ಕೂತು, ಗಿಳಿಗಳನ್ನು ನಗಿಸುತ್ತಿತ್ತು. ಕಾಡುಕುರಿ ಬಾಯಿ ಮುಚ್ಚಿಕೊಂಡು, ಮರಿಯನ್ನು ಮಾತ್ರ ಮೆಲ್ಲಗೆ ತನ್ನ ಹಿಂದಕ್ಕೆ ತಳ್ಳಿತು.

ಚಿರತೆ ನೆಗೆಯಿತು. ಕೆರೆಯ ಸುತ್ತ ಇದ್ದವರೆಲ್ಲ ದಿಕ್ಕಾಪಾಲಾದರು. ನರಿಯ ಬಾಲ ಚಿರತೆಯ ಬಾಯಿಗೆ ಸಿಕ್ಕಿತು. ನರಿ ಅರಚಿತು, ಎಳೆಯಿತು, ಕೆಸರಿನಲ್ಲಿ ಹೊರಳಿತು. ಕೊನೆಗೆ ಬಾಲವನ್ನು ಅಲ್ಲೇ ಬಿಟ್ಟು ಕಲ್ಲಿನ ಸಂದಿಗೆ ನುಗ್ಗಿತು.

ಚಿರತೆ ಹೋದ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಮರಳಿದರು. ನರಿಯೂ ಕುಂಟುತ್ತಾ ಬಂತು.

"ನೀನು ಯಾಕೆ ಬೊಗಳಲಿಲ್ಲ?" ಎಂದು ಕಾಡುಕುರಿಯ ಮೇಲೆ ಎಗರಿತು.

"ಸರಿಯಾಗಿ ಕಾಣಲಿಲ್ಲ ನರಿಯಣ್ಣ. ಒಣ ಎಲೆಯಾಗಿದ್ದರೆ ನನ್ನನ್ನು ಏನೆನ್ನುತ್ತಿದ್ದೆ, ಹೇಳು. ಮರಿಯ ಎದುರಿಗೆ?"

ನರಿ ಬೆಂಬಲಕ್ಕಾಗಿ ಸುತ್ತ ನೋಡಿತು. ಆಗಲೇ ಅದು ಗಮನಿಸಿದ್ದು, ಎಲ್ಲರ ಕಣ್ಣೂ ತನ್ನ ಮೋಟುಬಾಲದ ಮೇಲಿತ್ತು. ಅದು ಹಿಂಬದಿಯನ್ನು ಕಲ್ಲಿಗೆ ಒತ್ತಿಕೊಂಡಿತು. ಆದರೂ ಯಾರೂ ಕಣ್ಣು ಕೀಳಲಿಲ್ಲ. ಕೊನೆಗೆ ಬಹಳ ಸಣ್ಣ ದನಿಯಲ್ಲಿ, "ನನಗೆ... ಮುದುಡಿತು" ಎಂದಿತು.

ಯಾರೂ ತಿರುಗಲಿಲ್ಲ.

"ಮುದುಡ!" ಎಂದಿತು ಒಂದು ಗಿಳಿ. "ಮೋಟುಬಾಲದ ಮುದುಡ!" ಎಂದವು ಉಳಿದವು. ನರಿ ಬೇರೊಂದು ಮಾತಿಗಾಗಿ ತಡಕಾಡಿತು. ಆ ಕಾಡಿನಲ್ಲಿ ನಾಚಿಕೆಗೆ ಇದ್ದದ್ದು ಅದೊಂದೇ ಮಾತು.

"ಥೂ, ನಿಮ್ಮ!" ಎಂದು ಮುಳ್ಳುಹಂದಿ ಗದರಿತು. ಮುಳ್ಳುಗಳನ್ನು ಗಲಗಲ ಅನ್ನಿಸಿ ನರಿಗೆ ಬೆನ್ನು ತಿರುಗಿಸಿ ನಿಂತಿತು.

"ಅವನಿಗಾಗಿಯಾ ಅಜ್ಜಿ?" ಎಂದು ಗಿಳಿ ಕೇಳಿತು.

"ಅವನಿಗೇಕೆ! ಆ ಮಾತು ನನ್ನ ಗೆಳತಿಯದು."

ಕಾಡುಕುರಿಯೂ ಮರಿಯನ್ನು ಮೂತಿಯಿಂದ ತಿರುಗಿಸಿ, ತಾನೂ ತಿರುಗಿತು.

ಮಾರನೆಯ ಸಂಜೆ ಕಾಡುಕುರಿ ಬೊಗಳಿತು. ಎಲ್ಲರೂ ಎದ್ದುಬಿದ್ದು ಓಡಿದರು. ನೋಡಿದರೆ, ಅದೇ ಹಳೆಯ ಮೋಟುಮರ. ಕಾಡುಕುರಿ ಏನೂ ಹೇಳದೆ ನಿಂತಿತು. ಹೇಳಲು ಮಾತು ಇರಲಿಲ್ಲ. ಗಿಳಿಗಳು ಕೊಕ್ಕು ತೆರೆಯುವ ಮೊದಲೇ ಒಬ್ಬರು ಸದ್ದಿಲ್ಲದೆ ಬೆನ್ನು ತಿರುಗಿಸಿದರು. ಆ ಬೆನ್ನಿನ ಕೊನೆಯಲ್ಲಿ ಬಾಲ ಇರಲಿಲ್ಲ.

ನೀತಿ: ನಮ್ಮ ನಾಚಿಕೆಯನ್ನು ಹೇಳಿಕೊಳ್ಳಲು ಇರುವ ಮಾತನ್ನು ಇನ್ನೊಬ್ಬರ ಮೇಲೆ ಎಸೆದರೆ, ನಾವು ನಾಚುವ ದಿನ ಆಡಲು ನಮಗೆ ಮಾತು ಉಳಿಯುವುದಿಲ್ಲ.